ಎರಡನೇ ಮುದ್ದೆ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೊತ್ತತ್ತಿಯ ಸ್ವಾಮಿ ಠಾಣೆಗೆ ಬಂದು, ತನ್ನ ತಮ್ಮ ಜಯಪ್ರಕಾಶ ರಾತ್ರಿ ವಿಷ ತಗೊಂಡು ಸತ್ತನೆಂದು ದೂರು ಬರೆಸಿದ. ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಜಯಪ್ರಕಾಶ ಹೋದ ವರ್ಷ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಅಸಹಜ ಸಾವೆಂದು ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ಚಲುವರಾಜು ಪಂಚನಾಮೆಗೆ ಹೊರಟರು.

ಅಡುಗೆಮನೆ ಬಾಗಿಲಲ್ಲೇ ಕಾನ್‌ಸ್ಟೇಬಲ್ ಮಂಜುಶ್ರೀ ಮೂಗು ಮುಚ್ಚಿಕೊಂಡಳು. ತಟ್ಟೆಯ ಸಾರು ಕಬ್ಬಿಗೆ ಹೊಡೆಯುವ ಔಷಧಿಯ ನಾತ ಹೊಡೆಯುತ್ತಿತ್ತು. ಪಕ್ಕದಲ್ಲಿ ಅರ್ಧ ಮುದ್ದೆ ಉಳಿದಿತ್ತು.

"ಎಷ್ಟು ಉಂಡಿದ್ರು?"

"ಇದು ಎರಡನೇ ಮುದ್ದೆ ಸಾರ್. ಅವ್ರೇ ಕೇಳಿ ಇಕ್ಕುಸ್ಕೊಂಡ್ರು," ಅಂದಳು ಹೆಂಡತಿ ರಂಜಿತ.

ಸಾಯಲು ಹೊರಟವನು ಬಾಟಲಿ ಎತ್ತಿ ಕುಡಿಯುತ್ತಾನೆ, ಸಾರಿಗೆ ಬೆರೆಸಿ ಇನ್ನೊಂದು ಮುದ್ದೆ ಕೇಳುವುದಿಲ್ಲ. ಚಲುವರಾಜು ಸ್ವಾಮಿಯತ್ತ ತಿರುಗಿದರು.

"ಬೇರೆಯೋರು ಬೆರೆಸಿರಬಹುದಾ?"

"ಅವ್ನ್ಗೆ ಗೊತ್ತಾಯ್ತಿರ್ನಿಲ್ವಾ ಸಾರ್? ಕೊಪ್ಪರಿಗೆ ಮೂಸೇ ಪಾಕ ಬಂತು ಅಂತ ಏಳೋನು. ಈಗೀಗ ಕುಡ್ದು ಬಂದು, ಪಾಕ ಸೀದೋದ್ರೂ ಸುಮ್ಕೆ ಕುಂತಿರೋನು. ಅದ್ಕೇ ಕೆಲ್ಸ ಬುಡಿಸುದ್ರು."

ಚಲುವರಾಜು ಚಿಕಿತ್ಸೆ ಕೊಟ್ಟಿದ್ದ ಮಂಡ್ಯದ ಡಾಕ್ಟರಿಗೆ ಫೋನ್ ಮಾಡಿದರು.

"ಆ ಪೆಟ್ಟಿನಿಂದ ವಾಸನೆಯ ನರವೇ ಹರಿದುಹೋಗಿತ್ತು. ಸಿಟ್ಟು, ಮರೆವು ಕೂಡ ಅದರಿಂದಲೇ, ಕುಡಿತದಿಂದಲ್ಲ. ಹೆಂಡತಿಗೆ ಎಲ್ಲ ಹೇಳಿದ್ದೆ."

ಕುಡಿಯದವನನ್ನು ಕುಡುಕನೆಂದು ಉಗಿದು ಓಡಿಸಿದ ಊರಿನ ಪೌರುಷಕ್ಕೆ ಏನನ್ನಬೇಕು!

ಮಧ್ಯಾಹ್ನ ಮಂಜುಶ್ರೀಯನ್ನು ಕೂರಿಸಿಕೊಂಡು ಮನೆಯಲ್ಲೇ ರಂಜಿತಳ ವಿಚಾರಣೆ ನಡೆಯಿತು. ಮಗಳು ಗಗನ ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೂಲೆಯಲ್ಲಿದ್ದಳು.

"ಅವರಿಗೆ ವಾಸನೆ ತಿಳಿಯಲ್ಲ ಅಂತ ಯಾರಿಗೆ ಗೊತ್ತಿತ್ತಮ್ಮ?"

"ನನಗೊಬ್ಳಿಗೇ."

"ಔಷಧಿ ಬೆರೆಸಿದ್ದು?"

"ನಾನೇ ಸಾರ್."

"ಯಾಕೆ?"

"ಮಗೀನ ಕೈ ಮುರುದ್ರು. ಬೆಳಗೆದ್ದು, ಯಾರು ಮುರುದ್ರು ಅಂತ ನನ್ನೇ ಕೇಳಿ ಅತ್ರು. ಬೇಕಂತ ಮಾಡಿದ್ರೆ ನಿಮ್ಗೇ ಇಡ್ದುಕೊಡ್ತಿದ್ದೆ. ಅವ್ರ ತಪ್ಪಲ್ಲ, ಸಹಿಸ್ಕೊಳಮ್ಮ ಅಂದ್ರು ಡಾಕ್ಟ್ರು. ತಪ್ಪು ಅವ್ರದಲ್ಲ, ಸರಿ. ಏಟು ಮಾತ್ರ ನಮ್ದಾ?"

ಕೊಲೆ ಎಂದು ಎಫ್‌ಐಆರ್ ಆಯಿತು. ಗಗನಳನ್ನು ದೊಡ್ಡಪ್ಪನ ಕೈಗೆ ಒಪ್ಪಿಸಿ ರಂಜಿತಳನ್ನು ಬಂಧಿಸಿದರು. ಜೀಪು ಹತ್ತಿಸುವಾಗ ಮಂಜುಶ್ರೀ ತಡೆಯಲಾರದೆ ಕೇಳಿದಳು.

"ಉಣ್ಣೋವಾಗ ಏನೂ ಅನ್ನಲಿಲ್ವಾ?"

"ಪೆಟ್ಟಾದ್ ಮ್ಯಾಲೆ ಅವ್ರ ನಾಲ್ಗೆಗೆ ಕಾರ ಒಂದೇ ತಿಳಿಯೋದು. ಅದ್ಕೇ ಕಾರವ ಕೈ ತುಂಬ ಆಕಿದ್ದೆ," ಅಂದಳು ರಂಜಿತ. "ವರ್ಸದ್ ಮ್ಯಾಲೆ ಸಾರು ಚೆನ್ನಾಗದೆ ಅಂದ್ರು ಕಣಕ್ಕ. ಮಗೀಗೂ ವಸಿ ಬುಡು ಅಂದ್ರು."