ಬೆಳಗಿದ ಪಾನ್‌ದಾನ್

"ಯಾ ಅಲ್ಲಾ...! ಏನು ಮಾಡ್ಬುಟ್ಟೆಯೇ ನೀನು!"

ಅಖ್ತರ್ ಬೇಗಂ ಎದೆ ಬಡಿದುಕೊಂಡ ಸದ್ದಿಗೆ ಬಂಗಲೆಯ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಸೊಸೆ ಶಹರ್ಬಾನು ಹುಣಿಸೆಹಣ್ಣು, ಬೂದಿ ಇಟ್ಟುಕೊಂಡು ಬಾವಿಕಟ್ಟೆಯ ಬಳಿ ಕುಳಿತಿದ್ದಳು. ಎದುರಿಗಿದ್ದ, ಎಲೆಯಡಿಕೆ ಇಡುವ ಹಿತ್ತಾಳೆಯ ಪಾನ್‌ದಾನ್ ಥಳಥಳ ಹೊಳೆಯುತ್ತಿತ್ತು. ಅತ್ತೆಯಿಂದ ಒಂದು ಮೆಚ್ಚುಗೆಯ ಮಾತು ಬಂದೀತೆಂದು ಪಾಪ, ಮುಖವೆತ್ತಿ ನಕ್ಕಳು!

ಇಂಗ್ಲಿಷರು ಹೋಗಿ ಹತ್ತು ವರ್ಷವಾದರೂ ಅವರು ಕಟ್ಟಿಸಿದ ಶಿರಾದ ಆ ಮುಸಾಫಿರ್ ಬಂಗಲೆಯಲ್ಲಿ ದಾರಿಹೋಕರು ತಂಗುವುದು ನಿಂತಿರಲಿಲ್ಲ. ಅದರ ಮುಂದಿನ ಕೋಣೆಯಲ್ಲಿ ಮಾವ ಅಬ್ದುಲ್ ರಶೀದರ ಹಳೇ ಸಾಮಾನಿನ ಅಂಗಡಿ, ಹಿಂದುಗಡೆ ಸಂಸಾರ. ಚಿತ್ರಪಟ, ಗಡಿಯಾರ, ಹೂಜಿ ಎಲ್ಲವೂ ಅಲ್ಲಿದ್ದವು. ಆದರೆ ಆ ವ್ಯಾಪಾರದ ರೀತಿಯೇ ಬೇರೆ. ಅಲ್ಲಿ ಕಪ್ಪಿಗೇ ಬೆಲೆ! ಕಾಲದ ಕಪ್ಪು ಹೋಯಿತೆಂದರೆ ಹಳೆಯದೂ ಸಂತೆಯ ಪಾತ್ರೆಯೇ. ಪಾವಗಡದಿಂದ ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಗೆ ಇದನ್ನು ಹೇಳಿಕೊಟ್ಟವರು ಯಾರು? ಮನೆಗೆ ಜನ ಬರುತ್ತಾರೆಂದರೆ ಪಾತ್ರೆ ಬೆಳಗಬೇಕು, ಅವಳ ತಾಯಿ ಕಲಿಸಿ ಸತ್ತದ್ದು ಅಷ್ಟೇ.

ಪಾನ್‌ದಾನನ್ನು ಮೊದಲೇ ಗೊತ್ತುಮಾಡಿ ಹೋಗಿದ್ದ ಬೊಂಬಾಯಿಯ ಗಿರಾಕಿ ಬಂದ. ತಿರುಗಿಸಿ ನೋಡಿದ. "ನಾನು ಒಪ್ಪಿದ್ದು ಇದನ್ನಲ್ಲ," ಎಂದು ಕಾರು ಹತ್ತಿ ಹೊರಟೇಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದದ್ದನ್ನು ಅಖ್ತರ್ ಬೇಗಂ ಒಂದು ದಿನವೂ ಮರೆತವಳಲ್ಲ.

"ಮಕ್ಬೂಲ್! ಇವಳ ಟ್ರಂಕು ತಗೊಂಬಾ. ಪಾವಗಡದ ಬಸ್ಸು ಹತ್ತಿಸ್ಬುಡು. ಇಂಥ ಕೈ ನನ್ನ ಮನೇಗೆ ಬ್ಯಾಡ!"

ಮಗ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ... ಟ್ರಂಕು ತಂದೇಬಿಟ್ಟ! ಅಂಥ ಗಂಡಸಿಗೆ ಏನನ್ನೋಣ?

"ಅಮ್ಮೀ... ಅಣ್ಣನ ಮನೇಲಿ ಒಂದಿನಾನೂ ಇಟ್ಕೊಳ್ಳಲ್ಲ ಅಮ್ಮೀ... ನಾನು ಎಲ್ಲಿಗೆ ಹೋಗ್ಲಿ?" ಶಹರ್ಬಾನು ಅತ್ತೆಯ ಕಾಲು ಹಿಡಿದಳು. ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಮಕ್ಬೂಲ್ ಟ್ರಂಕನ್ನು ಹೆಗಲಿಗೇರಿಸಿದ.

"ಇಳಿಸ್ಲಾ ಅದನ್ನ!" ರಶೀದರು ಬಾಗಿಲಿಗೆ ಬಂದಿದ್ದರು. "ಅವಳದೇನೂ ತಪ್ಪಿಲ್ಲ. ಬೆಳಗಮ್ಮ ಅಂತ ಹೇಳಿದ್ದು ನಾನೇ."

ಹೊಸದನ್ನು ಹಳೆಯದೆಂದು ಒಂದು ಸಲವೂ ಹೇಳಿ ಮಾರದ ಮನುಷ್ಯ! ಅವರ ಬಾಯಲ್ಲಿ ಸುಳ್ಳು ಕೇಳಿ ಶಹರ್ಬಾನುವಿಗೆ ಅಳುವೇ ನಿಂತುಹೋಯಿತು. ಅಖ್ತರ್ ಬೇಗಂ ಮಾತ್ರ ಗಂಡನನ್ನೇ ದಿಟ್ಟಿಸಿದಳು.

"ಸುಳ್ಳು ಹೇಳಾಕೆ ಬರ್ತದೆ ಹಂಗಾದ್ರೆ ನಿಮಗೆ..."

"ಅಖ್ತರ್..."

"ಚೀನಿ ಬಟ್ಟಲು ಒಡೆದೆ ಅಂತ ನಿಮ್ಮಮ್ಮ ನನ್ನ ಮಧುಗಿರಿ ಗಾಡಿ ಹತ್ತಿಸಿದ್ರಲ್ಲ, ಅವತ್ತು ನೀವು ಹಿಂಗೇ ಬಾಗಿಲಲ್ಲಿ ನಿಂತಿದ್ರಿ. ಒಡೆದಿದ್ದು ನಾನೇ ಅಂತ ನೀವು ಒಂದು ಸುಳ್ಳು ಅಂದಿದ್ರೆ...! ರಂಜಾನ್ ಬರೋವರ್ಗೂ ತವರು ಬಾಗಿಲಲ್ಲಿ ಕೂತಿದ್ದೆ. ಗಾಡಿ ಕಳಿಸಿದ್ರಿ. ನೀವು ಬರ್ಲಿಲ್ಲ!"

ರಶೀದರು ತಲೆ ತಗ್ಗಿಸಿದರು. "ತಪ್ಪಾಯ್ತು ಅಖ್ತರ್," ಎಂದರು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಟ್ರಂಕನ್ನು ಒಳಗಿಡುವಂತೆ ಮಗನಿಗೆ ಸನ್ನೆ ಮಾಡಿ, ನೆಲದಲ್ಲಿದ್ದ ಸೊಸೆಯ ತೋಳು ಹಿಡಿದು ಎಬ್ಬಿಸಿದಳು.

"ಬುಡಿ. ಅವತ್ತು ಗಾಡಿ ಹತ್ತಿದ ಆ ಹುಡುಗಿ ಈಗ ಇದ್ದಿದ್ರೆ ಕೇಳಿಸ್ಕೊತಿದ್ಲು," ಎಂದಳು. "ಬಾರಮ್ಮ, ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."