ಐವತ್ತು ಮೈಕ್ರೋಗ್ರಾಂ

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದರೆ, ತೊಟ್ಟಿಯಲ್ಲಿ ಹನ್ನೆರಡು ಎಂಪುರಾವ್ ಹೊಳೆಮೀನುಗಳೂ ಸತ್ತು ತೇಲುತ್ತಿದ್ದವು. ಪ್ರೊಫೆಸರ್ ಲಾವ್ ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿ ಸಾಕಿದ ಮೀನುಗಳು.

"ಇದು ಆ ನೂರೈನಿ ಕೆಲಸ! ನಾನು ಆರಿಸಿದ ಪುಸ್ತಕ ಪಾಠಕ್ಕೆ ಬರಬಾರ್ದು ಅಂತ ಹೊಟ್ಟೆಕಿಚ್ಚು. ಇವತ್ತೇ ಮನೆಗೆ ಕಳಿಸ್ತೀನಿ!" ಲಾವ್ ಕಿರುಚಿದರು.

ಪರಿಸರ ವಿಷಶಾಸ್ತ್ರಕ್ಕೆ ಪಠ್ಯಪುಸ್ತಕ ಆರಿಸುವ ಸಭೆ ಹನ್ನೊಂದಕ್ಕಿತ್ತು. ಲಾವ್ ಯುರೋಪಿನ ದಪ್ಪ ಪುಸ್ತಕಕ್ಕೇ ಪಟ್ಟು ಹಿಡಿದಿದ್ದರು. ಕಿರಿಯ ಉಪನ್ಯಾಸಕಿ ನೂರೈನಿಗೆ ಇಲ್ಲಿನ, ಸರವಾಕಿನ ಹೊಳೆಗಳಲ್ಲೇ ಅಳೆದು ಬರೆದ ಪುಸ್ತಕ ಬೇಕಿತ್ತು. ಶನಿವಾರ ಒಳಗೆ ಬಂದವರು ಇಬ್ಬರೇ: ನೂರೈನಿ, ಮತ್ತು ಹದಿನೈದು ವರ್ಷದಿಂದ ಇಲ್ಲಿರುವ ಸಹಾಯಕಿ ಮಿಂಡು.

* * *

ಭದ್ರತಾ ಅಧಿಕಾರಿ ರೊಕಿಯಾ ಹಿಂದೆ ಪೊಲೀಸಾಗಿದ್ದವರು. ನೀರಿನ ವರದಿ ಓದಿದರು. ತಾಮ್ರ. ತಾಮ್ರದ ಉಪ್ಪಾದ ಮೈಲುತುತ್ತದ ಬಾಟಲಿ ಮಾತ್ರ ಹೆಚ್ಚುಕಡಿಮೆ ತುಂಬಿಯೇ ಇತ್ತು.

"ನೂರೈನಿ, ಈ ತೊಟ್ಟಿ ಎಷ್ಟು ಲೀಟರ್?"

"ಇನ್ನೂರಿರಬಹುದು ಅಕ್ಕಾ. ನಾನ್ಯಾವತ್ತು ಅಳೆದೆ? ಪುಸ್ತಕ ತಗೊಂಡು ಹೋಗೋಕೆ ಬಂದಿದ್ದೆ ಅಷ್ಟೆ."

ರೊಕಿಯಾ ತಕ್ಕಡಿಯ ಪಕ್ಕದ ದಾಖಲೆ ಪುಸ್ತಕ ತಿರುವಿದರು. ಶನಿವಾರ, ಮೈಲುತುತ್ತ ಎಪ್ಪತ್ತೊಂಬತ್ತು ಮಿಲಿಗ್ರಾಂ; ಅದರಲ್ಲಿ ತಾಮ್ರ ಕಾಲುಭಾಗ. ಹೆಸರಿಲ್ಲ.

* * *

"ಸಿಟ್ಟು ಬಂದವರು ಬಾಟಲಿನೇ ಸುರೀತಾರೆ," ರೊಕಿಯಾ ಎಲ್ಲರೆದುರು ಹೇಳಿದರು. "ಇವರು ನೀರಿನ ಲೆಕ್ಕ ಹಾಕಿ ಚಿಟಿಕೆಯಷ್ಟೇ ತೂಗಿ ಹಾಕಿದ್ದಾರೆ. ಅಂದ್ರೆ ತೊಟ್ಟಿ ಸರಿಯಾಗಿ ನಾನೂರು ಲೀಟರ್ ಅಂತ ಗೊತ್ತಿತ್ತು. ಅದಕ್ಕೆ ಮಳೆನೀರು ತುಂಬೋದು ನೀನೊಬ್ಬಳೇ, ಮಿಂಡು."

"ಹೌದು ಅಕ್ಕಾ. ನಾನೇ." ಮಿಂಡು ಕಣ್ಣು ಮಿಟುಕಿಸಲಿಲ್ಲ.

ಲಾವ್ ಅಲ್ಲೇ ಕೂತು ಪೊಲೀಸರಿಗೆ ದೂರು ಗೀಚಿದರು.

"ಎಷ್ಟು ಹಾಕಿದೆ ಅಂತಾನೂ ಬರೀರಿ ಪ್ರೊಫೆಸರ್," ಎಂದಳು ಮಿಂಡು.

ವರದಿ ನೋಡಿ ಬರೆದರು: ಲೀಟರಿಗೆ ಐವತ್ತು ಮೈಕ್ರೋಗ್ರಾಂ ತಾಮ್ರ, ಮೀನಿಗೆ ಮಾರಕ ಪ್ರಮಾಣ. ಸಹಿ ಹಾಕಿ ರೊಕಿಯಾ ಕೈಗಿತ್ತರು.

ಮಿಂಡು ಯುರೋಪಿನ ಆ ದಪ್ಪ ಪುಸ್ತಕ ತೆರೆದು ಕೋಷ್ಟಕದ ಮೇಲೆ ಬೆರಳಿಟ್ಟಳು. ಐವತ್ತು, ಮೀನಿಗೆ ಸುರಕ್ಷಿತ.

"ಅದು ಅವರ ಗಡಸು ನೀರಿಗೆ. ಅಲ್ಲಿ ನೀರಲ್ಲಿರೋ ಸುಣ್ಣ ತಾಮ್ರದ ವಿಷ ತಗ್ಗಿಸತ್ತೆ. ನಮ್ಮ ಹೊಳೆ ಮಳೆನೀರಿನಷ್ಟೇ ಮೆದು. ಹೊಳೆ ಮೇಲಿನ ಕಾರ್ಖಾನೆ ನೀರು ಬಿಡಬಹುದು ಅಂತ ನೀವು ಇದೇ ಅಂಕಿ ನೋಡಿ ಸರ್ಟಿಫಿಕೇಟ್ ಕೊಟ್ರಲ್ಲ, ಅದೇ ವಾರ ನಮ್ಮಪ್ಪ ಸಾಕಿದ ಮೀನೆಲ್ಲ ಸತ್ವು. ಕೇಳೋಕೆ ಬಂದ್ರೆ 'ರೋಗ ಇರಬೇಕು ಮುದುಕಪ್ಪಾ' ಅಂತ ನಕ್ರಿ. ಅವತ್ತಿಂದ ಅಪ್ಪ ಹೊಳೆಗೆ ಇಳಿದಿಲ್ಲ."

ಲಾವ್ ದೂರು ಕಿತ್ತುಕೊಳ್ಳಲು ಕೈ ಚಾಚಿದರು. ರೊಕಿಯಾ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಬಿಟ್ಬಿಡೋಣ. ಮೀನು ತಾನೇ," ಎಂದರು ಲಾವ್.

"ಬಿಡಬೇಡಿ ಅಕ್ಕಾ," ಎಂದಳು ಮಿಂಡು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ಯಾರೂ ಕಂಡಿರಲಿಲ್ಲ. "ನನ್ನನ್ನ ಕೋರ್ಟಿಗೆ ಹಾಕಿ. ಐವತ್ತಕ್ಕೆ ಮೀನು ಸಾಯುತ್ತೆ ಅಂತ ಇವರು ಅಲ್ಲಿ ಪ್ರಮಾಣ ಮಾಡಿ ಹೇಳ್ಲಿ. ನಮ್ಮಪ್ಪ ಮುಂದೇನೇ ಕೂತ್ಕೊಂಡು ಕೇಳಿಸ್ಕೊಳ್ತಾರೆ."