ಐದನೇ ಹಾಡಿನ ಧ್ವನಿ

ಆಲ್ಬಮ್ ಹೊರಬಂದ ಎರಡೇ ದಿನಕ್ಕೆ ಕೇಳುಗರು ಎರಡು ಪಾಲಾದರು. "ಕಣ್ಣು ಮುಚ್ಚಿದರೆ ಮಂಜಿನಲ್ಲಿ ನಡೆದ ಹಾಗಿದೆ" ಎಂದು ಒಬ್ಬರು ಬರೆದರು. "ಮಂಜೇನೋ ಸರಿ, ಹಾಡುವವನು ಎಲ್ಲಿ? ಐದನೇ ಹಾಡಿನಲ್ಲಿ ಅವನನ್ನು ಬಾವಿಗೆ ತಳ್ಳಿದ್ದೀರಾ?" ಎಂದು ಇನ್ನೊಬ್ಬರು.

ತಳ್ಳಿದವಳು ನಾನೇ. ಆ ಬ್ಯಾಂಡಿನ ಮಿಕ್ಸಿಂಗ್ ನನ್ನದು. ಯಾವ ವಾದ್ಯ ಮುಂದೆ, ಯಾವ ಧ್ವನಿ ಹಿಂದೆ ಎಂದು ಕೂರಿಸುವುದು ನನ್ನ ಕೆಲಸ. ಎರಡು ದಿನದಿಂದ ಫೋನ್ ಕೆಳಗಿಟ್ಟಿಲ್ಲ, ಊಟ ಸೇರಿಲ್ಲ.

ಬೆಳಿಗ್ಗೆ ಡ್ರಮ್ಮರ್ ಅಕ್ಕ ಸ್ಟುಡಿಯೋಗೆ ಬಂದಳು. ಗಾಯಕನ ಒಡಹುಟ್ಟಿದವಳು, ನಮಗೆಲ್ಲ ಅಕ್ಕ.

"ನಮ್ಮ ಗೊಣಗ ಶನಿವಾರದ ಶೋ ಬೇಡ ಅಂತಿದಾನೆ ಕಣೆ. ಇನ್ಮೇಲೆ ಹಾಡೋದೇ ಇಲ್ವಂತೆ."

ಹಾಡುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಗೊಣಗುವುದರಿಂದ ಅವಳ ತಮ್ಮನಿಗೆ ಆ ಹೆಸರು.

"ರಿವ್ಯೂ ಓದಿನಾ?"

"ಕೇಳಿದ್ರೆ ಬಾಯಿಗೆ ಬೀಗ. ಮೈಕ್ ತಗೊಂಡು ಹೋಗೋಕೆ ಮಧ್ಯಾಹ್ನ ಬರ್ತಾನೆ, ನೀನೇ ಕೇಳು. ನಿನ್ನ ಮುಂದೆ ಆದ್ರೂ ಒಂದೆರಡು ಮಾತು ಉದುರುತ್ತೆ."

ನನ್ನ ಪುಕ್ಕಲುತನಕ್ಕೆ ಅವನ ಹಾಡೇ ನಿಂತುಹೋಗುವುದರಲ್ಲಿತ್ತು.

ಐದನೇ ಹಾಡು ಅವನು ನನ್ನ ಮೇಲೆ ಬರೆದದ್ದು. ಒಂದೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪೆನ್ಸಿಲನ್ನು ಜಡೆಗೆ ಸಿಕ್ಕಿಸಿ, ಆಮೇಲೆ ಅದೇ ಪೆನ್ಸಿಲ್‌ಗಾಗಿ ಕೋಣೆಯೆಲ್ಲ ಹುಡುಕುವ ಆ ಹಾಡಿನ ಹುಡುಗಿ ಇನ್ಯಾರು? ರೆಕಾರ್ಡಿಂಗ್ ದಿನ ಹಾಡಿ ಮುಗಿಸಿ ಅವನು ಗಾಜಿನ ಆಚೆಯಿಂದ ನನ್ನತ್ತ ನೋಡಿದ. ನೋಡಿ, ಬೇಗ ಕಣ್ಣು ತೆಗೆದು, ಮತ್ತೆ ನೋಡಿದ. ನಾನು ತಲೆ ತಗ್ಗಿಸಿ ಗುಂಡಿ ತಿರುಗಿಸಿದೆ. ಹಾಡಿನಲ್ಲಿರುವವಳು ನಾನೇ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಭಯ. ಅವನ ಧ್ವನಿ ಇಳಿಸಿದೆ, ಮೇಲೆ ಪ್ರತಿಧ್ವನಿ ಸುರಿದೆ, ಅದೂ ಸಾಲದೆಂದು ಗಿಟಾರ್ ಹೊದಿಸಿದೆ. ಮೂರು ವಾರದ ಹಿಂದೆ ಅದನ್ನು ಕೇಳಿದ ಮೇಲೆ ಅವನು "ಸರಿ" ಎಂದಷ್ಟೇ ಹೇಳಿ ಹೋಗಿದ್ದ.

ಮಧ್ಯಾಹ್ನ ಬಂದವನು ನನ್ನ ಮುಖ ನೋಡದೆ ವೈರು ಸುತ್ತತೊಡಗಿದ. ಯಾವಾಗಲೂ ಅಂದವಾಗಿ ಸುತ್ತುವವನು ಇವತ್ತು ಗಂಟು ಹಾಕಿಕೊಂಡ.

"ನಿನ್ನ ಧ್ವನಿ ಚೆನ್ನಾಗೇ ಇದೆ," ಎಂದೆ. "ತಪ್ಪು ನಂದು. ಬೇಕಂತಲೇ ಇಳಿಸಿದೆ."

"ಗೊತ್ತು."

"ಗೊತ್ತಾ? ಮತ್ಯಾಕೆ ಸುಮ್ಮನಿದ್ದೆ?"

"ಅದೇ ನಿನ್ನ ಉತ್ತರ ಅಂದ್ಕೊಂಡೆ. ಬಾಯಿಬಿಟ್ಟು ಬೇಡ ಅನ್ನೋಕೆ ಸಂಕೋಚ, ಅದಕ್ಕೆ ಮುಚ್ಚಿಟ್ಟೆ ಅಂತ. ಜನ ಬೈದ್ರೆ ಬೈಕೊಳ್ಲಿ ಬಿಡು. ಆದ್ರೆ ಶನಿವಾರ ಅದೇ ಹಾಡನ್ನ ನಿನ್ನ ಮುಂದೆ ನಿಂತು ಹೇಗೆ ಹಾಡ್ಲಿ?"

ಮೂರು ವಾರ ಅವನು ನನ್ನ 'ಬೇಡ'ವನ್ನು ಹೊತ್ತುಕೊಂಡು ತಿರುಗಿದ್ದ. ನಾನು ಆ ಮಾತನ್ನು ಹೇಳಿಯೇ ಇರಲಿಲ್ಲ.

"ಅದು ಉತ್ತರ ಅಲ್ಲ ಕಣೋ, ಹೆದರಿಕೆ. ಆ ಹಾಡು ನೂರು ಸಲ ಕೇಳಿದೀನಿ. ಉಳಿದ ವಾದ್ಯ ಎಲ್ಲಾ ಮುಚ್ಚಿ, ನಿನ್ನ ಧ್ವನಿ ಒಂದನ್ನೇ."

ಕೊನೆಗೂ ತಲೆಯೆತ್ತಿದ. ಅವನ ಕಿವಿ ಕೆಂಪಗಾಗಿತ್ತು.

"ಹಾಗಾದ್ರೆ ಉತ್ತರ ಏನು?"

"ಇಷ್ಟ ಅಂತ," ಎಂದು ಪಿಸುಗುಟ್ಟಿದೆ.

"ಏನಂದೆ? ಕೇಳಿಸ್ಲಿಲ್ಲ."

ಕಳ್ಳ, ಕೇಳಿಸಿತ್ತು ಅವನಿಗೆ. ಬಾಗಿಲು ಹಾರುಹೊಡೆದಿತ್ತು, ಹೊರಗೆ ಅಕ್ಕ, ಅವಳ ಜೊತೆ ಬ್ಯಾಂಡಿನವರೆಲ್ಲ ಇದ್ದರು. ಆದರೂ ಎದ್ದು ನಿಂತು, ಅವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ನೀನಂದ್ರೆ ನಂಗಿಷ್ಟ ಕಣೋ!"